ಯುದ್ಧದ ಲೆಕ್ಕಕ್ಕೆ ಸಿಗದ ಹೆಂಗಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಯುದ್ಧ ಮತ್ತು ಹೆಣ್ಣುಮಕ್ಕಳ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇವೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು. ಹೆಚ್ಚಿನ ಉದಾಹರಣೆಗಳು ಎರಡು ಮಹಾಯುದ್ಧಗಳವು, ಏಕೆಂದರೆ ಕಾಗದಪತ್ರ ಹೆಚ್ಚು ಉಳಿದಿರುವುದು ಅವುಗಳದ್ದೇ.

## ಮೊದಲ ಪ್ರಶ್ನೆಗಳು

ಝಾನ್ಸಿ ರಾಣಿ, ಜೋನ್ ಆಫ್ ಆರ್ಕ್ ಎಲ್ಲರಿಗೂ ಗೊತ್ತಲ್ಲ. ಮತ್ತೆ "ಕಡೆಗಣಿಸಿದ್ದಾರೆ" ಅನ್ನೋದು ಯಾಕೆ?

ಕತ್ತಿ ಹಿಡಿದು ಕುದುರೆ ಏರಿದವರ ಹೆಸರು ಉಳಿದಿದೆ, ನಿಜ. ಆದರೆ ಸೈನ್ಯ ಬೆಳಗ್ಗೆ ಎದ್ದು ನಡೆಯಬೇಕಾದರೆ ಹಿಂದಿನ ರಾತ್ರಿ ಯಾರೋ ಬೇಯಿಸಿರಬೇಕು, ಬಟ್ಟೆ ಒಗೆದಿರಬೇಕು, ಗಾಯ ತೊಳೆದಿರಬೇಕು. 19ನೇ ಶತಮಾನದವರೆಗೂ ಈ ಕೆಲಸಕ್ಕೆ ಹೆಂಗಸರು ಪಡೆಯ ಬೆನ್ನಿಗೇ ನಡೆದು ಹೋಗುತ್ತಿದ್ದರು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೀಗೆ ಹೋದವರಿಗೆ ಸಾಮಾನ್ಯವಾಗಿ ಅರ್ಧ ರೇಷನ್ ಸಿಗುತ್ತಿತ್ತು.

ಬಟ್ಟೆ ಒಗೆಯುವುದು ಸಣ್ಣ ಕೆಲಸ ಅನ್ನಿಸಬಹುದು. ಟೈಫಸ್ ಜ್ವರ ಹರಡುವುದು ಬಟ್ಟೆಯ ಹೊಲಿಗೆಗಳಲ್ಲಿ ಅಡಗುವ ಹೇನಿನಿಂದ. ಬಟ್ಟೆ ಒಗೆಯದ ಪಡೆಯನ್ನು ಶತ್ರುವಿಗಿಂತ ಮೊದಲು ಜ್ವರವೇ ಮುಗಿಸುತ್ತಿತ್ತು. ಹಾಗಿದ್ದೂ ಒಗೆದವಳ ಹೆಸರು ಯಾವ ಸೈನಿಕರ ಪಟ್ಟಿಯಲ್ಲೂ ಬರಲಿಲ್ಲ. "ಸೈನಿಕ" ಅಂದರೆ ಯಾರು ಎಂದು ತೀರ್ಮಾನಿಸುವಾಗಲೇ ಅವಳನ್ನು ಹೊರಗಿಟ್ಟಾಗಿತ್ತು. ಮುಂದೆ ಬರುವ ಹಲವು ಉತ್ತರಗಳ ಬೇರು ಇಲ್ಲಿದೆ.

ಹೆಂಗಸರು ನರ್ಸ್ ಆಗಿದ್ರು, ಅಷ್ಟೇ ತಾನೆ?

ನರ್ಸ್ ಕೆಲಸವೇ "ಅಷ್ಟೇ" ಅನ್ನುವಂಥದ್ದಲ್ಲ. 1942ರ ಫೆಬ್ರವರಿ 16ರಂದು ಬಾಂಗ್ಕಾ ದ್ವೀಪದಲ್ಲಿ ಜಪಾನಿ ಸೈನಿಕರು 22 ಆಸ್ಟ್ರೇಲಿಯನ್ ನರ್ಸ್‌ಗಳನ್ನು ಸಮುದ್ರಕ್ಕೆ ಇಳಿಸಿ ಹಿಂದಿನಿಂದ ಗುಂಡು ಹಾರಿಸಿದರು. ಬದುಕುಳಿದವರು ವಿವಿಯನ್ ಬುಲ್‌ವಿಂಕೆಲ್ ಒಬ್ಬರೇ.

ವೈದ್ಯೆಯರ ಕಥೆ ಇನ್ನೂ ಕಡಿಮೆ ಜನಕ್ಕೆ ಗೊತ್ತು. 1914ರಲ್ಲಿ ಸ್ಕಾಟ್ಲೆಂಡಿನ ಡಾಕ್ಟರ್ ಎಲ್ಸಿ ಇಂಗ್ಲಿಸ್ ಆಸ್ಪತ್ರೆ ತಂಡ ಕಟ್ಟಿಕೊಡುತ್ತೇನೆಂದು ಹೋದಾಗ, ಮನೆಗೆ ಹೋಗಿ ಸುಮ್ಮನೆ ಕೂರಿ ಎಂದು ಬ್ರಿಟಿಷ್ ಯುದ್ಧ ಇಲಾಖೆ ಕಳಿಸಿತು. ಅವರು ತಂಡಗಳನ್ನು ಫ್ರಾನ್ಸ್ ಮತ್ತು ಸರ್ಬಿಯಾಗೆ ಒಯ್ದರು. ಲಂಡನ್ನಿನ ಎಂಡೆಲ್ ಸ್ಟ್ರೀಟ್ ಮಿಲಿಟರಿ ಆಸ್ಪತ್ರೆಯನ್ನು 1915ರಿಂದ 1919ರವರೆಗೆ ಪೂರ್ತಿಯಾಗಿ ಹೆಂಗಸರೇ ನಡೆಸಿದರು: ಸುಮಾರು 570 ಹಾಸಿಗೆ, 26,000 ರೋಗಿಗಳು.

ಅದೇ ಮೊದಲ ಮಹಾಯುದ್ಧದಲ್ಲಿ ವಿಜ್ಞಾನಿ ಮೇರಿ ಕ್ಯೂರಿ ಅವರ ಎಕ್ಸ್‌ರೇ ಗಾಡಿಗಳು ಗಾಯಾಳುಗಳಿದ್ದ ಕಡೆಗೇ ಹೋಗುತ್ತಿದ್ದವು. ಗಾಡಿಯ ಎಂಜಿನ್ನಿಗೆ ಡೈನಮೋ ಜೋಡಿಸಿದರೆ ಅಲ್ಲೇ ಕರೆಂಟು. ಕಿಟಕಿಗೆ ಕಪ್ಪು ಪರದೆ ಕಟ್ಟಿದರೆ ಯಾವ ಕೋಣೆಯಾದರೂ ಎಕ್ಸ್‌ರೇ ಕೋಣೆ. ಟ್ಯೂಬನ್ನು ಎರಡು ಜಾಗದಲ್ಲಿಟ್ಟು ಎರಡು ನೆರಳು ತೆಗೆದು, ಆ ನೆರಳು ಎಷ್ಟು ಸರಿದಿದೆ ಎಂದು ಅಳೆದರೆ ಗುಂಡು ಎಷ್ಟು ಆಳದಲ್ಲಿದೆ ಎಂಬುದು ಲೆಕ್ಕಕ್ಕೆ ಸಿಗುತ್ತದೆ. 20 ಗಾಡಿ, ಸುಮಾರು 200 ಸ್ಥಿರ ಘಟಕ, ಕ್ಯೂರಿ ತರಬೇತಿ ಕೊಟ್ಟ ಸುಮಾರು 150 ಹೆಂಗಸರು. ವಿಕಿರಣದಿಂದ ಮೈ ಕಾಪಾಡಿಕೊಳ್ಳುವ ಸಲಕರಣೆ ಆಗ ಇಲ್ಲವೆನ್ನುವಷ್ಟು ಕಡಿಮೆ. ಅವರ ಕೈಬೆರಳುಗಳು ಅದರ ಬೆಲೆ ತೆತ್ತವು.

ಎರಡನೇ ಮಹಾಯುದ್ಧದ ಲಂಡನ್ನಿನಲ್ಲಿ ರಕ್ತ ಸಂಗ್ರಹದ ವ್ಯವಸ್ಥೆ ಕಟ್ಟಿದವರಲ್ಲಿ ಡಾಕ್ಟರ್ ಜ್ಯಾನೆಟ್ ವಾನ್ ಮುಖ್ಯರು. ಹಾಲಿನ ಬಾಟಲಿಯನ್ನೇ ಸ್ವಲ್ಪ ಮಾರ್ಪಡಿಸಿ ರಕ್ತ ತುಂಬಿದರು, ಐಸ್‌ಕ್ರೀಮ್ ವ್ಯಾನುಗಳಲ್ಲಿ ತಣ್ಣಗೆ ಸಾಗಿಸಿದರು.

ತೋಳು ಮಡಚಿ ನಿಂತ, ತಲೆಗೆ ಕೆಂಪು ಬಟ್ಟೆ ಕಟ್ಟಿದ ಹುಡುಗಿಯ ಪೋಸ್ಟರ್ ನೋಡಿಯೇ ಹೆಂಗಸರು ಕಾರ್ಖಾನೆ ಸೇರಿದ್ರಂತೆ?

ಇಲ್ಲ. ಆ ಪೋಸ್ಟರನ್ನು 1943ರಲ್ಲಿ ಅಮೆರಿಕದ ಒಂದು ವಿದ್ಯುತ್ ಉಪಕರಣ ಕಂಪನಿ ತನ್ನ ಕಾರ್ಖಾನೆಗಳ ಒಳಗೆ ಸುಮಾರು ಎರಡು ವಾರ ಅಂಟಿಸಿತ್ತು. ಅದನ್ನು ನೋಡಿದವರು ಆಗಲೇ ಕೆಲಸದಲ್ಲಿದ್ದವರು. ಅದು ಜಗತ್ತಿಗೆಲ್ಲ ಗೊತ್ತಾದದ್ದು 1980ರ ದಶಕದಲ್ಲಿ.

## ಕಾರ್ಖಾನೆ, ಗಣಿ, ಮನೆ

ಮದ್ದಿನ ಕಾರ್ಖಾನೆಯಲ್ಲಿ ದುಡಿದವರ ಮೈ ಹಳದಿ ಆಗ್ತಿತ್ತಂತೆ. ಹೌದಾ? ಯಾಕೆ?

ಹೌದು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಷೆಲ್‌ಗಳಿಗೆ ಟಿಎನ್‌ಟಿ ಎಂಬ ಸಿಡಿಮದ್ದು ತುಂಬುತ್ತಿದ್ದವರಿಗೆ ಜನ "ಕ್ಯಾನರಿ" ಎಂದೇ ಹೆಸರಿಟ್ಟಿದ್ದರು. ಆ ಹಳದಿ ಹಕ್ಕಿಯ ಬಣ್ಣ ಇವರ ಕೈ, ಮುಖಕ್ಕೆ ಹತ್ತುತ್ತಿತ್ತು, ಮುಂಗೂದಲು ಕೆಂಚಾಗುತ್ತಿತ್ತು.

ಇಲ್ಲಿ ಎರಡು ಹಳದಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಒಂದು, ಚರ್ಮಕ್ಕೆ ಹತ್ತಿದ ಬಣ್ಣ. ಕೆಲಸ ಬಿಟ್ಟರೆ ನಿಧಾನವಾಗಿ ಹೋಗುತ್ತದೆ. ಇನ್ನೊಂದು, ಟಿಎನ್‌ಟಿ ಮೈಯೊಳಗೆ ಇಳಿದು ಯಕೃತ್ತನ್ನು ಹಾಳುಮಾಡಿ ಬರುವ ಕಾಮಾಲೆ. ಇದರಲ್ಲಿ ಕಣ್ಣಿನ ಬಿಳಿಭಾಗವೂ ಹಳದಿಯಾಗುತ್ತದೆ, ಹಸಿವು ಸಾಯುತ್ತದೆ, ಕೆಲವರು ಕೆಲವೇ ವಾರಗಳಲ್ಲಿ ತೀರಿಕೊಳ್ಳುತ್ತಿದ್ದರು. ಮೈಯೆಲ್ಲ ಆಗಲೇ ಹಳದಿಯಾಗಿದ್ದವಳಿಗೆ ಕಾಮಾಲೆ ಬಂದರೆ ತಕ್ಷಣ ತಿಳಿಯುವುದು ಹೇಗೆ? ದಾಖಲಾದ ಸಾವುಗಳೇ ನೂರರ ಆಸುಪಾಸು.

ವಿಷ ಒಳಹೋಗುತ್ತಿದ್ದದ್ದು ಉಸಿರಿನಿಂದಷ್ಟೇ ಅಲ್ಲ, ಬೆವರಿದ ಚರ್ಮದಿಂದಲೂ. ಹಾಲು ಕುಡಿದರೆ ಏನೂ ಆಗದು ಎಂಬ ನಂಬಿಕೆಯಿಂದ ಕಾರ್ಖಾನೆಗಳು ಹಾಲು ಕೊಡುತ್ತಿದ್ದವು. ಅದು ಹೊಟ್ಟೆಗೆ ಆಹಾರವಾಯಿತು, ವಿಷಕ್ಕೆ ಮದ್ದಾಗಲಿಲ್ಲ. ಉಪಯೋಗವಾದದ್ದು ಗಾಳಿ ಸರಿಯಾಗಿ ಆಡುವಂತೆ ಮಾಡಿದ್ದು, ಕೆಲಸಗಾರರನ್ನು ಸರದಿಯ ಮೇಲೆ ಟಿಎನ್‌ಟಿಯಿಂದ ದೂರ ಇಟ್ಟದ್ದು ಮತ್ತು ವೈದ್ಯರ ತಪಾಸಣೆ.

ಸ್ಫೋಟದ ಭಯ ಬೇರೆ. ಒಂದು ಕಿಡಿ ಸಾಕು. ಆದ್ದರಿಂದ ಲೋಹದ ಹೇರ್‌ಪಿನ್, ಉಂಗುರ, ಬೆಂಕಿಕಡ್ಡಿ ಒಳಗೆ ತರುವಂತಿಲ್ಲ. ಬಾಗಿಲಲ್ಲೇ ಮೈ ತಡವಿ ನೋಡುತ್ತಿದ್ದರು. ಅಷ್ಟಾಗಿಯೂ 1916ರ ಡಿಸೆಂಬರ್ 5ರ ರಾತ್ರಿ ಲೀಡ್ಸ್ ಬಳಿಯ ಬಾರ್ನ್‌ಬೋ ಕಾರ್ಖಾನೆಯ 42ನೇ ಕೋಣೆಯಲ್ಲಿ ಷೆಲ್ ಸಿಡಿದು 35 ಹೆಂಗಸರು ಸತ್ತರು. ಅವರು ಫ್ಯೂಸ್ ಕೂರಿಸುತ್ತಿದ್ದರು. ಕೆಲವೇ ಗಂಟೆಗಳಲ್ಲಿ ಬೇರೆ ಹೆಣ್ಣುಮಕ್ಕಳು ಅದೇ ಕೋಣೆಯಲ್ಲಿ ಕೆಲಸಕ್ಕೆ ನಿಂತರು. ಸೆನ್ಸಾರ್ ಸುದ್ದಿಯನ್ನು ತಡೆಹಿಡಿಯಿತು.

ಗಂಡಸರ ಜಾಗದಲ್ಲಿ ಗಂಡಸರದ್ದೇ ಸಂಬಳ ಸಿಗ್ತಿತ್ತಾ?

ಬಹುತೇಕ ಇಲ್ಲ, ಮತ್ತು ತಪ್ಪಿಸುವ ದಾರಿ ಬಹಳ ಸರಳವಾಗಿತ್ತು. ನುರಿತ ಕೆಲಸಗಾರ ಒಬ್ಬನೇ ಮಾಡುತ್ತಿದ್ದ ಕೆಲಸವನ್ನು ನಾಲ್ಕೈದು ತುಂಡು ಮಾಡಿ, ಒಂದೊಂದನ್ನು ಒಬ್ಬೊಬ್ಬಳಿಗೆ ಕೊಡುವುದು. ಆಮೇಲೆ "ಇದು ಅದೇ ಕೆಲಸ ಅಲ್ಲ" ಎನ್ನುವುದು. 1918ರ ಆಗಸ್ಟ್‌ನಲ್ಲಿ ಲಂಡನ್ನಿನ ಬಸ್ಸು, ಟ್ರ್ಯಾಮ್ ಹೆಂಗಸರು ಮುಷ್ಕರ ಹೂಡಿ ಗಂಡಸರಿಗೆ ಸಿಕ್ಕ ಬೋನಸ್ಸನ್ನು ತಾವೂ ಪಡೆದರು. ವಿಮಾನಗಳನ್ನು ಕಾರ್ಖಾನೆಯಿಂದ ವಾಯುನೆಲೆಗೆ ತಲುಪಿಸುತ್ತಿದ್ದ ಬ್ರಿಟನ್ನಿನ ಏರ್ ಟ್ರಾನ್ಸ್‌ಪೋರ್ಟ್ ಆಕ್ಸಿಲಿಯರಿಯಲ್ಲಿ 1943ರಿಂದ ಸಮಾನ ಸಂಬಳ ಬಂತು. ಆ ಕಾಲಕ್ಕೆ ಅಂಥದ್ದು ತೀರ ವಿರಳ.

ಹೆಂಗಸರು ಪಾಳಿಯಲ್ಲಿ ದುಡಿಯುವಾಗ ಮಕ್ಕಳನ್ನ ಯಾರು ನೋಡ್ಕೊಳ್ತಿದ್ರು?

ಹೆಚ್ಚಾಗಿ ಅಜ್ಜಿ, ಅಕ್ಕ, ನೆರೆಯವರು. ಅವರ ದುಡಿಮೆ ಯಾವ ಲೆಕ್ಕದಲ್ಲೂ ಇಲ್ಲ. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಕೈಸರ್ ಹಡಗುಕಟ್ಟೆಗಳು 1943ರ ನವೆಂಬರ್‌ನಲ್ಲಿ ತಮ್ಮ ಬಾಗಿಲಲ್ಲೇ ಹಗಲು ರಾತ್ರಿ ತೆರೆದಿರುವ ಶಿಶುಪಾಲನಾ ಕೇಂದ್ರ ಶುರು ಮಾಡಿದವು. ಪಾಳಿ ಮುಗಿಸಿ ಮಗುವನ್ನು ಕರೆದೊಯ್ಯುವ ತಾಯಿ ಸಿದ್ಧ ಊಟವನ್ನೂ ಅಲ್ಲೇ ಕೊಂಡೊಯ್ಯಬಹುದಿತ್ತು. ವ್ಯವಸ್ಥೆ ಚೆನ್ನಾಗಿಯೇ ನಡೆದಿತ್ತು. 1945ರಲ್ಲಿ ಯುದ್ಧ ಮುಗಿಯುತ್ತಲೇ ಮುಚ್ಚಿದರು.

ಭಾರತದ ಹೆಂಗಸರು ಈ ಯುದ್ಧಗಳಲ್ಲಿ ಎಲ್ಲಿದ್ದರು?

ಕಲ್ಲಿದ್ದಲ ಗಣಿಯಿಂದ ಶುರು ಮಾಡೋಣ, ಅದನ್ನು ಯಾರೂ ನೆನೆಯುವುದಿಲ್ಲ. ಹೆಂಗಸರು ಭೂಮಿಯೊಳಗೆ ಇಳಿದು ದುಡಿಯುವುದಕ್ಕೆ 1930ರ ದಶಕದ ಕೊನೆಗೆ ನಿಷೇಧ ಬಂದಿತ್ತು. ಯುದ್ಧ ಬಂತು, ಕೂಲಿಗಳು ಹೆಚ್ಚು ಕೂಲಿಯ ಮಿಲಿಟರಿ ಕಾಮಗಾರಿಗಳಿಗೆ ಹೋದರು, ಕಲ್ಲಿದ್ದಲು ಸಾಲದಾಯಿತು. 1943ರಲ್ಲಿ ಸರ್ಕಾರ ನಿಷೇಧವನ್ನೇ ಎತ್ತಿತು. ಹೆಂಗಸರು ಮತ್ತೆ ಕತ್ತಲೆಗೆ ಇಳಿದರು, 1946ರವರೆಗೆ. ರೈಲು, ಕಾರ್ಖಾನೆ ಎಲ್ಲ ಓಡಿದ್ದು ಆ ಕಲ್ಲಿದ್ದಲಿನಿಂದ.

ಅದೇ 1943ರಲ್ಲಿ ಸಿಂಗಾಪುರದಲ್ಲಿ ಆಜಾದ್ ಹಿಂದ್ ಫೌಜಿನ ಝಾನ್ಸಿ ರಾಣಿ ರೆಜಿಮೆಂಟ್ ಹುಟ್ಟಿತು. ಕ್ಯಾಪ್ಟನ್ ಲಕ್ಷ್ಮಿ ಅವರ ಹೆಸರು ಉಳಿದಿದೆ. ಮಲಯದ ರಬ್ಬರ್ ತೋಟಗಳಿಂದ ಬಂದು ಸೇರಿದ ಕೂಲಿ ಹೆಣ್ಣುಮಕ್ಕಳಲ್ಲಿ ಬಹಳ ಮಂದಿಯ ಹೆಸರು ಯಾರ ಬಾಯಲ್ಲೂ ಇಲ್ಲ.

ಇನ್ನು ಪಾಕಿಸ್ತಾನದ ಜೊತೆಗಿನ ಯುದ್ಧ. 1971ರ ಡಿಸೆಂಬರ್ 8ರ ರಾತ್ರಿ ಗುಜರಾತಿನ ಭುಜ್‌ನ ವಾಯುನೆಲೆಯ ಮೇಲೆ ಬಾಂಬು ಬಿದ್ದು ರನ್‌ವೇ ಹಾಳಾಯಿತು. ಪಕ್ಕದ ಮಾಧಾಪರ್ ಊರಿನ ಸುಮಾರು 300 ಹೆಂಗಸರು 72 ಗಂಟೆಗಳಲ್ಲಿ ಅದನ್ನು ದುರಸ್ತಿ ಮಾಡಿದರು. ಮೇಲಿನಿಂದ ಕಾಣದಂತೆ ತಿಳಿಹಸಿರು ಸೀರೆ ಉಡುತ್ತಿದ್ದರು, ರನ್‌ವೇ ಮೇಲೆ ಸಗಣಿ ಬಳಿದು ಮರೆಮಾಡುತ್ತಿದ್ದರು. ಸೈರನ್ ಕೂಗಿದರೆ ಪೊದೆಗಳಿಗೆ ಓಡುವುದು, ನಿಂತ ಮೇಲೆ ಮತ್ತೆ ಬುಟ್ಟಿ ಹಿಡಿಯುವುದು. ಆಮೇಲೆ ಬಂದ 50,000 ರೂಪಾಯಿ ಬಹುಮಾನವನ್ನು ಊರಿನ ಸಮುದಾಯ ಭವನಕ್ಕೆ ಕೊಟ್ಟರು.

ಮನೇಲಿ ಕೂತು ಮಾಡಿದ ಹೆಣಿಗೆ, ಬ್ಯಾಂಡೇಜು ಇವೆಲ್ಲ ಯುದ್ಧದ ಕೆಲಸ ಅಂತ ಎಣಿಸಬೇಕಾ?

ಎಣಿಸಲೇಬೇಕು. ಕಂದಕದ ಕೆಸರಿನಲ್ಲಿ ದಿನಗಟ್ಟಲೆ ನಿಂತವನ ಕಾಲು ಒದ್ದೆಯಲ್ಲೇ ಕೊಳೆಯುತ್ತದೆ. ಒಣ ಉಣ್ಣೆಯ ಕಾಲುಚೀಲ ಬದಲಿಸುತ್ತಿದ್ದರೆ ಉಳಿಯುತ್ತದೆ. ಆ ಕಾಲುಚೀಲ ಹೆಣೆದವರು ಮನೆಯವರೇ.

ಬ್ಯಾಂಡೇಜಿನದ್ದು ಇನ್ನೂ ದೊಡ್ಡ ಕಥೆ. ಮೊದಲ ಮಹಾಯುದ್ಧದಲ್ಲಿ ಹತ್ತಿ ಸಾಲಲಿಲ್ಲ, ಸಿಡಿಮದ್ದಿಗೂ ಅದೇ ಹತ್ತಿ ಬೇಕಿತ್ತು. ಆಗ ಜೌಗು ನೆಲದ ಸ್ಫ್ಯಾಗ್ನಮ್ ಪಾಚಿ ಕೈಗೆ ಬಂತು. ತನ್ನ ತೂಕದ ಸುಮಾರು 20 ಪಟ್ಟು ದ್ರವ ಹೀರುತ್ತದೆ, ಹುಳಿ ಗುಣದಿಂದಾಗಿ ಬ್ಯಾಕ್ಟೀರಿಯಾ ಬೆಳೆಯಲು ಬಿಡುವುದಿಲ್ಲ. ಹೆಂಗಸರು, ಮಕ್ಕಳು ಮಂಡಿಯುದ್ದ ನೀರಿನಲ್ಲಿ ನಿಂತು ಕೀಳುತ್ತಿದ್ದರು. ಹಿಂಡಿ, ಒಣಗಿಸಿ, ಕಡ್ಡಿ ಮತ್ತು ಹುಲ್ಲನ್ನು ಕೈಯಿಂದ ಆರಿಸಿ, ತೆಳುಬಟ್ಟೆಯ ಚೀಲಕ್ಕೆ ಸಡಿಲವಾಗಿ ತುಂಬಿ, ಕ್ರಿಮಿ ಕೊಂದು ಕಳಿಸುತ್ತಿದ್ದರು. ಒಂದು ಕಡ್ಡಿ ಉಳಿದರೂ ಗಾಯಕ್ಕೆ ಚುಚ್ಚುತ್ತದೆ. ಬಿಗಿಯಾಗಿ ತುಂಬಿದರೆ ಹೀರಿ ಉಬ್ಬಲು ಜಾಗವಿಲ್ಲ. 1918ರ ಹೊತ್ತಿಗೆ ಬ್ರಿಟನ್ನಿನಿಂದ ತಿಂಗಳಿಗೆ 10 ಲಕ್ಷ ಇಂಥ ಪಟ್ಟಿಗಳು ಹೋಗುತ್ತಿದ್ದವು.

## ಯಂತ್ರ, ಲೆಕ್ಕ, ಗುಟ್ಟು

ವಿಮಾನ ಹೊಡೆಯುವ ತೋಪುಗಳಿಗೆ ಹೆಂಗಸರೇ ಗುರಿ ಇಡ್ತಿದ್ರು, ಆದರೆ ಗುಂಡು ಹಾರಿಸೋ ಹಾಗಿರಲಿಲ್ಲ ಅಂತ ಓದಿದೆ. ಇದೆಂಥ ನಿಯಮ?

1941ರಿಂದ ಬ್ರಿಟನ್ನಿನ ಮಿಶ್ರ ತೋಪುಪಡೆಗಳಲ್ಲಿ ಹೀಗೇ ಇತ್ತು. ಎತ್ತರ ಅಳೆಯುವವಳು ಹೆಂಗಸು. ಪ್ರಿಡಿಕ್ಟರ್ ಎಂಬ ಯಂತ್ರದಲ್ಲಿ ವಿಮಾನವನ್ನು ಹಿಂಬಾಲಿಸಿ, ಷೆಲ್ ಮೇಲೆ ತಲುಪುವ ಹೊತ್ತಿಗೆ ಅದು ಎಲ್ಲಿರುತ್ತದೆ ಎಂದು ಲೆಕ್ಕ ಕೊಡುವವಳೂ ಹೆಂಗಸು. ಹಾರಿಸುವ ಹಗ್ಗ ಎಳೆಯುವುದು ಮಾತ್ರ ಗಂಡಸು. ಹೆಂಗಸರು ಮಾರಕ ಆಯುಧ ಬಳಸಬಾರದೆಂದು ರಾಜಾಜ್ಞೆ ಇತ್ತು. ಬಾಂಬು ಬಿದ್ದಾಗ ಇಬ್ಬರೂ ಒಂದೇ ಜಾಗದಲ್ಲಿ ಸಾಯುತ್ತಿದ್ದರು. ಸಂಬಳ ಮಾತ್ರ ಗಂಡಸಿನದ್ದರ ಮೂರನೇ ಎರಡು ಭಾಗ. ಈ ನಿಯಮವನ್ನು ಸಮರ್ಥಿಸುವ ಒಂದೇ ಒಂದು ಒಳ್ಳೆಯ ಕಾರಣವೂ ನಮಗೆ ಕಂಡಿಲ್ಲ.

ಬ್ಲೆಚ್ಲಿ ಪಾರ್ಕಿನಲ್ಲಿ ಹೆಂಗಸರು ಬರೀ ಟೈಪಿಂಗ್ ಮಾಡ್ತಿದ್ರಾ?

ಎರಡನೇ ಮಹಾಯುದ್ಧದಲ್ಲಿ ಶತ್ರುಗಳ ಗುಪ್ತ ಸಂದೇಶಗಳನ್ನು ಒಡೆಯುತ್ತಿದ್ದ ಬ್ರಿಟನ್ನಿನ ಕೇಂದ್ರ ಅದು. ಅಲ್ಲಿನ ಸಿಬ್ಬಂದಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆಂಗಸರು. ಬಾಂಬ್ ಎಂದು ಕರೆಯುತ್ತಿದ್ದ ಸಂಕೇತ ಒಡೆಯುವ ಯಂತ್ರಗಳನ್ನು ನಡೆಸಿದವರು ನೌಕಾಪಡೆಯ ಮಹಿಳಾ ವಿಭಾಗದವರು. ಡ್ರಮ್ಮುಗಳ ಹಿಂದಿನ ಸಣ್ಣ ತಂತಿ ಬ್ರಷ್ಷುಗಳಲ್ಲಿ ಎರಡು ಎಳೆ ಒಂದಕ್ಕೊಂದು ತಗುಲಿದರೆ ಶಾರ್ಟ್ ಆಗಿ ಇಡೀ ಓಟ ವ್ಯರ್ಥ. ಆದ್ದರಿಂದ ಚಿಮಟ ಹಿಡಿದು ಒಂದೊಂದೇ ಎಳೆ ನೆಟ್ಟಗೆ ಮಾಡಬೇಕಿತ್ತು.

ಸಂಕೇತ ಒಡೆದವರೂ ಇದ್ದರು. ಮೇವಿಸ್ ಲೀವರ್‌ಗೆ ಆಗ 19–20ರ ಪ್ರಾಯ. ಶತ್ರುಗಳು ಗುಪ್ತ ಸಂದೇಶ ಬರೆಯಲು ಬಳಸುತ್ತಿದ್ದ ಎನಿಗ್ಮಾ ಯಂತ್ರ ಯಾವ ಅಕ್ಷರವನ್ನೂ ಅದೇ ಅಕ್ಷರವಾಗಿ ಬರೆಯುವುದಿಲ್ಲ. ಒಂದು ಇಟಾಲಿಯನ್ ಸಂದೇಶದಲ್ಲಿ ಎಲ್ ಅಕ್ಷರ ಒಂದೇ ಒಂದು ಸಲವೂ ಇಲ್ಲದ್ದನ್ನು ಅವರು ಗಮನಿಸಿದರು. ಯಾರೋ ಆಪರೇಟರ್ ಪರೀಕ್ಷೆಗೆಂದು ಎಲ್ ಕೀಲಿಯನ್ನೇ ಒತ್ತುತ್ತಾ ಕೂತಿದ್ದಾನೆ ಎಂದು ಊಹಿಸಿದರು. ಊಹೆ ನಿಜವಾಗಿತ್ತು. 1941ರ ಮಾರ್ಚ್‌ನಲ್ಲಿ ಮಟಪಾನ್ ಕದನಕ್ಕೆ ಮುನ್ನ ಇಟಲಿಯ ನೌಕಾಪಡೆ ಹೊರಡುವ ಸುಳಿವು ಕೊಟ್ಟದ್ದೂ ಅವರ ತಂಡವೇ. 1970ರ ದಶಕದವರೆಗೆ ಇದನ್ನು ಮನೆಯಲ್ಲೂ ಹೇಳುವಂತಿರಲಿಲ್ಲ.

ಕಂಪ್ಯೂಟರ್ ಅನ್ನೋದು ಮೊದಲು ಹೆಂಗಸರ ಹುದ್ದೆಯ ಹೆಸರಾಗಿತ್ತಂತೆ?

ಲೆಕ್ಕ ಹಾಕುವ ಮನುಷ್ಯರಿಗೆ, ಗಂಡಾಗಲಿ ಹೆಣ್ಣಾಗಲಿ, ಆ ಹೆಸರಿತ್ತು. ಯುದ್ಧಕಾಲದ ಫಿಲಡೆಲ್ಫಿಯಾದಲ್ಲಿ ತೋಪಿನ ಷೆಲ್ಲು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕಿದವರು ಹೆಚ್ಚಾಗಿ ಹೆಣ್ಣುಮಕ್ಕಳು. ಒಂದು ಪಥಕ್ಕೆ ಮೇಜಿನ ಲೆಕ್ಕಯಂತ್ರದಲ್ಲಿ 30–40 ಗಂಟೆ. ಅವರಲ್ಲಿ ಆರು ಮಂದಿ ಎನಿಯಾಕ್ ಎಂಬ ಆರಂಭಕಾಲದ ಎಲೆಕ್ಟ್ರಾನಿಕ್ ಕಂಪ್ಯೂಟರ್ ಯಂತ್ರಕ್ಕೆ ಪ್ರೋಗ್ರಾಂ ರೂಪಿಸಿದರು: ಕೇ ಮೆಕ್‌ನಲ್ಟಿ, ಬೆಟ್ಟಿ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬೈಲಾಸ್, ರೂತ್ ಲಿಚ್ಟರ್‌ಮನ್. ಪುಸ್ತಕ, ಭಾಷೆ ಏನೂ ಇಲ್ಲ. ಯಂತ್ರದ ನಕ್ಷೆಗಳನ್ನೇ ಓದಿ, ಕೇಬಲ್ ಮತ್ತು ಸ್ವಿಚ್ಚುಗಳಿಂದ ಲೆಕ್ಕ ಕಟ್ಟಿದರು. 1946ರ ಫೆಬ್ರವರಿಯ ಪ್ರದರ್ಶನದಲ್ಲಿ ಓಡಿದ್ದು ಅವರ ಕೆಲಸ. ಆ ರಾತ್ರಿಯ ಔತಣಕ್ಕೆ ಅವರನ್ನು ಕರೆಯಲಿಲ್ಲ.

"ರಾತ್ರಿ ಮಾಟಗಾತಿಯರು" ಎಂಜಿನ್ ಆಫ್ ಮಾಡಿ ಬಾಂಬು ಹಾಕ್ತಿದ್ದದ್ದು ನಿಜವಾ?

ಎರಡನೇ ಮಹಾಯುದ್ಧದಲ್ಲಿ ರಾತ್ರಿ ಹೊತ್ತು ಜರ್ಮನರ ಮೇಲೆ ಬಾಂಬು ಹಾಕುತ್ತಿದ್ದ ಸೋವಿಯತ್ ಮಹಿಳಾ ರೆಜಿಮೆಂಟಿಗೆ ಆ ಅಡ್ಡಹೆಸರು. ಅವರು ಎಂಜಿನ್ ಪೂರ್ತಿ ನಿಲ್ಲಿಸುತ್ತಿರಲಿಲ್ಲ, ಸದ್ದು ಅಡಗುವಷ್ಟು ತಗ್ಗಿಸಿ ತೇಲುತ್ತಿದ್ದರು. ಪಿಒ-2 ವಿಮಾನದ ಎಂಜಿನ್ ಶುರುವಾಗಲು ನೆಲದಲ್ಲಿ ಒಬ್ಬರು ನಿಂತು ಪ್ರೊಪೆಲ್ಲರ್ ತಿರುಗಿಸಬೇಕು. ಗಾಳಿಯಲ್ಲಿ ನಿಲ್ಲಿಸಿದರೆ ಮತ್ತೆ ಹತ್ತುವ ಖಾತ್ರಿ ಇಲ್ಲ. ಮರ ಮತ್ತು ಬಟ್ಟೆಯ ವಿಮಾನ, ಗಂಟೆಗೆ ಸುಮಾರು 150 ಕಿ.ಮೀ. ವೇಗ. ಜರ್ಮನ್ ಫೈಟರುಗಳು ಅಷ್ಟು ನಿಧಾನಕ್ಕೆ ಹಾರಲಾರದೆ ಮುಂದೆ ನುಗ್ಗಿಬಿಡುತ್ತಿದ್ದವು.

ಪೈಲಟ್‌ಗಳ ಬಗ್ಗೆ ಬಹಳ ಬರೆದಿದ್ದಾರೆ, ನೆಲದವರ ಬಗ್ಗೆ ಕಡಿಮೆ. ಇವರ ಈ 588ನೇ ರೆಜಿಮೆಂಟಿನಲ್ಲಿ ಮೆಕ್ಯಾನಿಕ್‌ಗಳು, ಬಾಂಬು ಕಟ್ಟುವವರು ಕೂಡ ಹೆಣ್ಣುಮಕ್ಕಳೇ. ವಿಮಾನ ಇಳಿದು ಕೆಲವೇ ನಿಮಿಷಗಳಲ್ಲಿ ಪೆಟ್ರೋಲು ತುಂಬಿ, ಕತ್ತಲಲ್ಲಿ ಕೈಯಿಂದ ತಡವಿ ಬಾಂಬು ಕಟ್ಟಿ ಮತ್ತೆ ಕಳಿಸಬೇಕು. ಚಳಿಗಾಲದಲ್ಲಿ ದಪ್ಪ ಕೈಗವಸು ಹಾಕಿದರೆ ಫ್ಯೂಸ್ ಬೆರಳಿಗೆ ಸಿಗದು, ತೆಗೆದರೆ ಚರ್ಮ ಲೋಹಕ್ಕೆ ಅಂಟುತ್ತದೆ. ರೆಜಿಮೆಂಟಿನ 23,000ಕ್ಕೂ ಹೆಚ್ಚು ಹಾರಾಟಗಳ ಹಿಂದೆ ಆ ಕೈಗಳಿವೆ.

ಹೆಣ್ಣು ಗೂಢಚಾರರು ಅಂದರೆ ಸೌಂದರ್ಯ ಬಳಸಿ ಗುಟ್ಟು ಕದಿಯುವವರಾ?

ಸಿನಿಮಾದಲ್ಲಿ. ಫ್ರಾನ್ಸಿನಲ್ಲಿ ಬ್ರಿಟನ್ನಿನ ಪರವಾಗಿ ದುಡಿದವರು ಹೆಚ್ಚಾಗಿ ಸೈಕಲ್ ಮೇಲೆ ಚೀಟಿ ಒಯ್ಯುವವರು ಮತ್ತು ವೈರ್‌ಲೆಸ್ ಆಪರೇಟರುಗಳು. 1943ರಿಂದ ಜರ್ಮನರು ದುಡಿಯುವ ವಯಸ್ಸಿನ ಗಂಡಸರನ್ನು ಕಡ್ಡಾಯ ದುಡಿಮೆಗೆ ಹಿಡಿದೊಯ್ಯುತ್ತಿದ್ದರಿಂದ, ಹಗಲು ಹೊತ್ತು ಓಡಾಡುವ ಯುವಕನನ್ನು ನಿಲ್ಲಿಸುತ್ತಿದ್ದರು. ಬುಟ್ಟಿ ಹಿಡಿದ ಹೆಂಗಸನ್ನು ಅಷ್ಟಾಗಿ ಗಮನಿಸುತ್ತಿರಲಿಲ್ಲ.

ವೈರ್‌ಲೆಸ್ ಸೆಟ್ಟು ಸೂಟ್‌ಕೇಸಿನಷ್ಟು ದೊಡ್ಡದು, ಸುಮಾರು 15 ಕೆ.ಜಿ. ಉದ್ದದ ಏರಿಯಲ್ ಹರಡಬೇಕು. ಸಿಗ್ನಲ್ ಹುಡುಕುವ ವ್ಯಾನುಗಳು ಸುತ್ತುತ್ತಿದ್ದದ್ದರಿಂದ ಒಂದೇ ಜಾಗದಿಂದ ಬಹಳ ಹೊತ್ತು ಕಳಿಸುವುದು ಸಾವನ್ನು ಕರೆದಂತೆ. ಟಿಪ್ಪು ಸುಲ್ತಾನನ ವಂಶದ ನೂರ್ ಇನಾಯತ್ ಖಾನ್ 1943ರ ಜೂನ್‌ನಲ್ಲಿ ಹೋಗಿ ಇಳಿದ ಕೆಲವೇ ದಿನಗಳಲ್ಲಿ ಅವರ ಜಾಲದವರು ಸಾಲಾಗಿ ಸೆರೆಯಾದರು. ವಾಪಸು ಬರಲು ಒಪ್ಪದೆ, ಮನೆ ಬದಲಿಸುತ್ತಾ ಅಕ್ಟೋಬರ್‌ವರೆಗೆ ಸಂದೇಶ ಕಳಿಸಿದರು. ಸೆರೆಯಾದಾಗ ಹಳೆಯ ಸಂದೇಶಗಳ ನಕಲಿದ್ದ ಪುಸ್ತಕವೂ ಸಿಕ್ಕಿಬಿತ್ತು, ಜರ್ಮನರು ಅದನ್ನು ಬಳಸಿ ಅವರ ಹೆಸರಿನಲ್ಲೇ ಲಂಡನ್ನಿಗೆ ಸಂದೇಶ ಕಳಿಸಿದರು. 1944ರ ಸೆಪ್ಟೆಂಬರ್ 13ರಂದು ನಾಜಿಗಳ ಸೆರೆಶಿಬಿರ ಡಾಖಾವ್‌ನಲ್ಲಿ ಅವರನ್ನು ಕೊಂದರು.

## ಯುದ್ಧ ಮುಗಿದ ಮೇಲೆ

ಇಷ್ಟೆಲ್ಲ ಮಾಡಿದವರಿಗೆ ಪದಕ, ಪಿಂಚಣಿ ಯಾಕೆ ಸಿಗಲಿಲ್ಲ?

ಕಾಗದದ ಮೇಲೆ ಅವರು ನಾಗರಿಕರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ 200ಕ್ಕೂ ಹೆಚ್ಚು ಅಮೆರಿಕನ್ ಟೆಲಿಫೋನ್ ಆಪರೇಟರುಗಳು ಸೈನ್ಯದ ಪ್ರಮಾಣವಚನ ತೆಗೆದುಕೊಂಡಿದ್ದರು, ಸಮವಸ್ತ್ರ ತೊಟ್ಟಿದ್ದರು. ಮರಳಿ ಬಂದಾಗ ನೀವು ಸೈನ್ಯಕ್ಕೆ ಸೇರಿಯೇ ಇರಲಿಲ್ಲ ಎಂದರು. ಮಾನ್ಯತೆಯ ಕಾನೂನು ಬಂದದ್ದು 1977ರಲ್ಲಿ. ಆಗ ಬದುಕಿದ್ದವರು ಕೆಲವೇ ಮಂದಿ. ಎರಡನೇ ಯುದ್ಧದ ಅಮೆರಿಕನ್ ಮಹಿಳಾ ಪೈಲಟ್‌ಗಳಿಗೂ ಅದೇ ವರ್ಷ. ಅವರಲ್ಲಿ 38 ಮಂದಿ ಸತ್ತಾಗ ಶವಪೆಟ್ಟಿಗೆಯ ಮೇಲೆ ಧ್ವಜ ಹೊದಿಸಲು ಹಕ್ಕಿರಲಿಲ್ಲ. ಶವ ಊರಿಗೆ ಕಳಿಸಲು ಜೊತೆಗಾತಿಯರು ಚಂದಾ ಎತ್ತುತ್ತಿದ್ದರು.

ಬಾಂಗ್ಲಾದೇಶದ ತಾರಾಮನ್ ಬೀಬಿ 1971ರಲ್ಲಿ ಮುಕ್ತಿವಾಹಿನಿಯ ಶಿಬಿರಕ್ಕೆ ಅಡುಗೆಗೆಂದು ಹೋಗಿ ಬಂದೂಕು ಹಿಡಿದವರು. 1973ರಲ್ಲಿ ವೀರಪ್ರತೀಕ ಪ್ರಶಸ್ತಿ ಘೋಷಣೆಯಾಯಿತು. ಆ ಸುದ್ದಿ ಅವರನ್ನು ಮುಟ್ಟಿದ್ದು 1995ರಲ್ಲಿ.

ಈಚಿನ ಯುದ್ಧಗಳಲ್ಲೂ ಇದೇ. ಸಿಯೆರಾ ಲಿಯೋನ್‌ನಲ್ಲಿ ಪುನರ್ವಸತಿಯ ನೆರವು ಪಡೆಯಲು ಬಂದೂಕು ತಂದು ಒಪ್ಪಿಸಬೇಕಿತ್ತು, ಅದನ್ನು ಬಿಚ್ಚಿ ಜೋಡಿಸಿ ತೋರಿಸಬೇಕಿತ್ತು. ಹೊತ್ತೊಯ್ದು ಬೇಯಿಸಲು, ಹೊರೆ ಹೊರಲು ಇಟ್ಟುಕೊಂಡ ಹುಡುಗಿಯರು ಏನನ್ನು ಒಪ್ಪಿಸಬೇಕು?

ಲೈಂಗಿಕ ದೌರ್ಜನ್ಯಕ್ಕೆ ಗುರಿಯಾದವರನ್ನು "ಪಾತ್ರ" ಅನ್ನೋ ಮಾತಿನಲ್ಲಿ ಸೇರಿಸಬಹುದಾ?

ಅವರು ಅನುಭವಿಸಿದ್ದು ಪಾತ್ರವಲ್ಲ, ಅಪರಾಧ. ಆಮೇಲೆ ಅವರು ಕೊಟ್ಟ ಸಾಕ್ಷ್ಯ ಮಾತ್ರ ದೊಡ್ಡ ಪಾತ್ರವೇ. ಜಪಾನಿ ಸೈನ್ಯದ ಲೈಂಗಿಕ ಗುಲಾಮಗಿರಿಯ ಬಗ್ಗೆ ಕೊರಿಯಾದ ಕಿಮ್ ಹಾಕ್-ಸುನ್ 1991ರ ಆಗಸ್ಟ್ 14ರಂದು ತಮ್ಮ ಹೆಸರು ಹೇಳಿ ಮಾತಾಡಿದರು; ಆಮೇಲೆ ಹಲವು ದೇಶಗಳ ಹೆಂಗಸರು ಬಾಯಿಬಿಟ್ಟರು. ರುವಾಂಡಾದ ನರಮೇಧದ ಆರೋಪಿ ಅಕಾಯೆಸು ಮೇಲಿನ ಮೊಕದ್ದಮೆಯ ಮೊದಲ ಆರೋಪಪಟ್ಟಿಯಲ್ಲಿ ಅತ್ಯಾಚಾರ ಇರಲೇ ಇಲ್ಲ. ಸಾಕ್ಷಿ ಹೇಳಿದ ಹೆಂಗಸರಿಂದಾಗಿ ಸೇರಿತು, 1998ರಲ್ಲಿ ಅದು ನರಮೇಧದ ಕೃತ್ಯವೂ ಆಗಬಲ್ಲದು ಎಂಬ ತೀರ್ಪು ಬಂತು.

ಯುದ್ಧದಿಂದಲೇ ಹೆಂಗಸರಿಗೆ ಸ್ವಾತಂತ್ರ್ಯ, ಮತದಾನದ ಹಕ್ಕು ಬಂತು ಅಂತಾರಲ್ಲ?

ಅರ್ಧ ನಿಜ. ಬ್ರಿಟನ್ನಿನ 1918ರ ಕಾನೂನು ಮತ ಕೊಟ್ಟದ್ದು 30 ದಾಟಿದ, ಆಸ್ತಿಯ ಅರ್ಹತೆಯಿದ್ದ ಹೆಂಗಸರಿಗೆ. ಮದ್ದಿನ ಕಾರ್ಖಾನೆಯಲ್ಲಿ ಹಳದಿಯಾದ ಹುಡುಗಿಯರಲ್ಲಿ ಬಹಳ ಮಂದಿ ಆ ವಯಸ್ಸಿನ ಒಳಗಿನವರು. ಗಂಡಸರಿಗೆ ಸಮನಾದ ಹಕ್ಕಿಗೆ 1928ರವರೆಗೆ ಕಾಯಬೇಕಾಯಿತು.

## ಹುಡುಕಲು ಹೊರಟವರಿಗೆ

ನಮ್ಮ ಮನೆತನದ ಒಬ್ಬ ಹೆಂಗಸು ಯುದ್ಧಕಾಲದಲ್ಲಿ ಕೆಲಸ ಮಾಡಿದ್ದರಂತೆ. ದಾಖಲೆ ಎಲ್ಲಿ ಹುಡುಕಲಿ?

ಸೈನಿಕರ ಪಟ್ಟಿಯಿಂದ ಶುರು ಮಾಡಬೇಡಿ. ಹಣ ಮತ್ತು ಆಹಾರ ಕೈಬದಲಾದ ಜಾಗಕ್ಕೆ ಮೊದಲು ಹೋಗಿ: ಕೂಲಿ ಪುಸ್ತಕ, ರೇಷನ್ ಪಟ್ಟಿ, ಅಪಘಾತ ಪರಿಹಾರದ ಕಡತ, ಆಸ್ಪತ್ರೆ ರಿಜಿಸ್ಟರು. ತಿರಸ್ಕೃತ ಪಿಂಚಣಿ ಅರ್ಜಿಗಳನ್ನು ಬಿಡಲೇಬೇಡಿ. ಮಂಜೂರಾದ ಅರ್ಜಿಯಲ್ಲಿ ಒಂದು ಸಹಿ ಇರುತ್ತದೆ. ತಿರಸ್ಕೃತ ಅರ್ಜಿಯಲ್ಲಿ ಆಕೆ ಏನು ಮಾಡಿದಳು, ಯಾರು ನೋಡಿದರು ಎಂಬ ಪೂರ್ತಿ ಹೇಳಿಕೆ ಇರುತ್ತದೆ.

ದಾರಿ ತಪ್ಪಿಸುವುದು ಹೆಚ್ಚಾಗಿ ಹೆಸರು. ತವರಿನ ಹೆಸರು, ಗಂಡನ ಮನೆಯ ಹೆಸರು, ಮರುಮದುವೆಯಾಗಿದ್ದರೆ ಆ ಹೆಸರು, ಮನೆಯಲ್ಲಿ ಕರೆಯುವ ಹೆಸರು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಪ್ರತಿಯೊಂದರಲ್ಲೂ ಹುಡುಕಿ. ಹುದ್ದೆಯ ಹೆಸರನ್ನೂ ನಂಬಬೇಡಿ. ಬ್ಲೆಚ್ಲಿಯ ಗಣಿತಜ್ಞೆ ಜೋನ್ ಕ್ಲಾರ್ಕ್‌ಗೆ ಸರಿಯಾದ ಸಂಬಳ ಕೊಡಲು ಬೇರೆ ದಾರಿಯಿಲ್ಲದೆ ಕಡತದಲ್ಲಿ "ಭಾಷಾತಜ್ಞೆ" ಎಂದು ಬರೆದಿದ್ದರು. "ಸಹಾಯಕಿ", "ಗುಮಾಸ್ತೆ" ಎಂದಿದ್ದರೆ ಅಲ್ಲಿಗೆ ನಿಲ್ಲದೆ, ಆಕೆ ಕೂರುತ್ತಿದ್ದ ವಿಭಾಗ ಏನು ಮಾಡುತ್ತಿತ್ತು ಎಂದು ನೋಡಿ.

ಏನೂ ಸಿಗದಿದ್ದರೆ ಆಕೆ ದುಡಿಯಲೇ ಇಲ್ಲ ಎಂದು ತೀರ್ಮಾನಿಸಬೇಡಿ. ಮೊದಲ ಯುದ್ಧದ ಬ್ರಿಟಿಷ್ ಮಹಿಳಾ ಸೇನಾ ಸಹಾಯಕ ದಳದಲ್ಲಿ ಸುಮಾರು 57,000 ಮಂದಿ ಇದ್ದರು. 1940ರ ಬಾಂಬ್ ದಾಳಿಯ ಬೆಂಕಿಯಲ್ಲಿ ಉಳಿದದ್ದು ಸುಮಾರು 7,000 ಮಂದಿಯ ಕಡತ.

ಆ ಕಾಲ ನೋಡಿದ ಅಜ್ಜಿಯನ್ನು ಮಾತಾಡಿಸಬೇಕು. "ನಾನೇನೂ ಮಾಡಿಲ್ಲಪ್ಪ" ಅಂತಾರೆ. ಏನು ಕೇಳಲಿ?

"ಯುದ್ಧದಲ್ಲಿ ಏನು ಮಾಡಿದಿರಿ?" ಎಂದು ಕೇಳಿದರೆ ಆ ಉತ್ತರವೇ ಬರುತ್ತದೆ. ಯುದ್ಧವೆಂದರೆ ಗಂಡಸರದ್ದು ಎಂದು ಅವರಿಗೂ ಹೇಳಿಕೊಟ್ಟಿದ್ದಾರೆ. ದಿನದ ಬಗ್ಗೆ ಕೇಳಿ. ಆ ವರ್ಷ ಬೆಳಗ್ಗೆ ಎಷ್ಟು ಹೊತ್ತಿಗೆ ಏಳುತ್ತಿದ್ದಿರಿ? ಒಲೆಗೆ ಏನು ಹಾಕುತ್ತಿದ್ದಿರಿ? ಎಷ್ಟು ಜನಕ್ಕೆ ಬೇಯಿಸುತ್ತಿದ್ದಿರಿ, ಆ ಜನ ಯಾರು? ತಲೆಯ ಮೇಲೆ ಏನು ಹೊರುತ್ತಿದ್ದಿರಿ, ಎಲ್ಲಿಂದ ಎಲ್ಲಿಗೆ? ಮಗು ಎಲ್ಲಿರುತ್ತಿತ್ತು? ಆಮೇಲೆ ಮೈಯಲ್ಲಿ ಏನಾದರೂ ನೋವು ಉಳಿಯಿತಾ?

ಇಸವಿ ಕೇಳಿ ಒತ್ತಾಯಿಸಬೇಡಿ. ಮೊದಲ ಮಗು ಹುಟ್ಟುವ ಮುಂಚೆಯೋ ಆಮೇಲೋ, ಬಿತ್ತನೆಯ ಕಾಲವೋ ಕೊಯ್ಲಿನ ಕಾಲವೋ ಎಂದು ಕೇಳಿದರೆ ತಿಂಗಳೇ ಸಿಗುತ್ತದೆ. ಹಳೆಯ ಪಾತ್ರೆ, ಕತ್ತರಿ, ಗುರುತಿನ ಚೀಟಿ ಇದ್ದರೆ ಅವರ ಕೈಗೆ ಕೊಡಿ, ಕೈ ನೆನಪಿಟ್ಟದ್ದನ್ನು ಬಾಯಿ ಹೇಳುತ್ತದೆ. ಗಂಡ, ಮಗ ಪಕ್ಕದಲ್ಲಿ ಕೂತಿದ್ದರೆ ಅವರೇ ಉತ್ತರ ಕೊಡತೊಡಗುತ್ತಾರೆ. ಒಂದು ಸಲವಾದರೂ ಅಜ್ಜಿಯೊಬ್ಬರೇ ಇರುವಾಗ ಹೋಗಿ. ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ. ದೌರ್ಜನ್ಯದ ಬಗ್ಗೆ ನೀವಾಗಿ ಕೆದಕಬೇಡಿ. ಅವರಾಗಿ ತೆಗೆದರೆ ರೆಕಾರ್ಡರ್ ನಿಲ್ಲಿಸಬೇಕೇ ಎಂದು ಕೇಳಿ, ನಿಲ್ಲಿಸು ಎಂದರೆ ನಿಲ್ಲಿಸಿ. ಮನೆಗೆ ಬಂದ ದಿನವೇ ಅವರು ಹೇಳಿದ ಊರು, ಹೆಸರುಗಳನ್ನು ಬರೆದಿಡಿ. ಮುಂದಿನ ಸಲ ಹೋದಾಗ ಅದನ್ನು ಓದಿ ಹೇಳಿ. ಅವರು ತಿದ್ದುವಾಗ ಮೊದಲ ಸಲ ಹೇಳದೆ ಬಿಟ್ಟದ್ದೂ ಹೊರಗೆ ಬರುತ್ತದೆ.